ಒಬ್ಬರಿಗೇ ಬರುವ ಭಾಷೆ

ಅವರ ಬಲಗೈ ತೋರುಬೆರಳಿನ ತುದಿ ಸದಾ ಮಣ್ಣಿನ ಬಣ್ಣಕ್ಕಿರುತ್ತಿತ್ತು. ಉಳಿದ ಬೆರಳುಗಳೆಲ್ಲ ಸ್ವಚ್ಛ, ಉಗುರು ನೀಟಾಗಿ ಕತ್ತರಿಸಿದ್ದು. ಅದೊಂದು ಮಾತ್ರ ಈಗಷ್ಟೇ ಹೊಲದಿಂದ ಬಂದ ಹಾಗೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬೆಳಗಿನ ಬಸ್ಸಿನ ಕಿಟಕಿ ಗಾಜಿನ ಮೇಲೆ ಕೂತ ಧೂಳಿನಲ್ಲಿ ಅವರು ಆ ಬೆರಳಿನಿಂದ ಬರೆಯುತ್ತಿದ್ದರು. ಒಂದು ಅಕ್ಷರ, ಮುಂದೆ ಒಂದು ಬಾಣದ ಗುರುತು, ಅದರ ಮುಂದೆ ಇನ್ನೊಂದು ಅಕ್ಷರ. ಕಲ್ಮಲಾ ದಾಟುವಷ್ಟರಲ್ಲಿ ಗಾಜು ತುಂಬಿಹೋದರೆ, ಮುಂದಿನ ಕಿಟಕಿಯ ಸೀಟು ಖಾಲಿ ಇದೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದರು.

"ಸರ್, ಗಾಜ ಒರಸಾಕ ಡಿಪೋದಾಗ ಬ್ಯಾರೆ ಮಂದಿ ಅದಾರ್ರಿ" ಎಂದು ಕಂಡಕ್ಟರ್ ಛೇಡಿಸಿದರೆ, "ಅವರು ಒರಸತಾರ, ನಾ ಬರೀತೀನಿ. ಒಬ್ಬರಿಗೊಬ್ಬರು ತಕರಾರಿಲ್ಲ" ಎನ್ನುತ್ತಿದ್ದರು.

ದೇವದುರ್ಗದಲ್ಲಿ ನಾವಿಬ್ಬರೂ ಒಂದೇ ಕಾಲೇಜಿನಲ್ಲಿದ್ದೆವು. ನಾನು ಕನ್ನಡ ಕಲಿಸುತ್ತಿದ್ದೆ, ಅವರು ಕಂಪ್ಯೂಟರ್. ಮೊದಲ ವರ್ಷ ನಮ್ಮ ಪರಿಚಯ ಬಸ್ಸು ಹತ್ತುವಾಗ ಒಂದು ನಮಸ್ಕಾರ, ಇಳಿಯುವಾಗ ಒಂದು ನಮಸ್ಕಾರ. ಆದರೆ ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಸರ್, ಇದು ಯಾವ ಲಿಪಿರೀ? ನಾನೂ ನಾಲ್ಕಕ್ಷರ ಓದಿದಾಕಿ, ಒಂದೂ ತಿಳೀವಲ್ದು."

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಎಷ್ಟೋ ವರ್ಷ ಬಾಗಿಲು ತೆರೆದಿಟ್ಟುಕೊಂಡು ಕೂತವರ ಮನೆಗೆ ಕೊನೆಗೂ ಯಾರೋ ಬಂದ ಹಾಗಿತ್ತು. ಗಬ್ಬೂರಿನವರೆಗೂ ಹೇಳಿದರು, ದೇವದುರ್ಗದವರೆಗೂ ಹೇಳಿದರು, ಇಳಿದ ಮೇಲೆ ಬಸ್ ಸ್ಟ್ಯಾಂಡಿನ ಬಿಸಿಲಿನಲ್ಲಿ ನಿಂತು ಉಳಿದದ್ದನ್ನೂ ಹೇಳಿದರು. ಅಂದು ನನ್ನ ಮೊದಲ ತರಗತಿಗೆ ತಡವಾಯಿತು.

ಅವರು ಹೇಳಿದ್ದು ಇಷ್ಟು. ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿ ಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಅವರು ಕಂಪ್ಯೂಟರಿಗಾಗಿ ತಮ್ಮದೇ ಒಂದು ಪುಟ್ಟ ಭಾಷೆಯನ್ನು ಮಾಡಿ, ಅದಕ್ಕೊಂದು ಕಂಪೈಲರ್ ಕಟ್ಟುತ್ತಿದ್ದರು. ಯಾರೂ ಕಟ್ಟಲು ಹೇಳಿರಲಿಲ್ಲ. ಕಟ್ಟಿದರೆ ಬಡ್ತಿಯೂ ಇರಲಿಲ್ಲ.

"ಮಾನ್ವ್ಯಾಗ ನಮ್ಮದು ಅಕ್ಕಿ ಗಿರಣಿ ಅದರೀ, ನಮ್ಮಣ್ಣ ನಡಸ್ತಾನ" ಎಂದರು. "ಗಿರಣಿ ಬಾಯಿಗಿ ಭತ್ತ ಹಾಕಿದ್ರ ಅಕ್ಕಿ ಬರತದ. ನನ್ನ ಭಾಷಾದಾಗ ಎಲ್ಲಾನೂ ಗಿರಣಿನ. ಒಳಗ ಏನ್ ಹೋಗತದ, ಹೊರಗ ಏನ್ ಬರತದ, ಮೊದಲ ಹೇಳಬೇಕು. ಗಾಜಿನ ಮ್ಯಾಲ ಬಾಣ ಅದಾವಲ್ರಿ, ಅದ ಇದು."

"ಭತ್ತದ ಬದ್ಲಿ ಸಜ್ಜಿ ಹಾಕಿದ್ರ?"

"ಗಿರಣಿ ಚಾಲೂ ಮಾಡೂಕಿಂತ ಮೊದಲ ಕಂಪೈಲರ್ ಬಾಗಲದಾಗ ನಿಂತು ತಡೀತದ. ಕೆಟ್ಟ ಮ್ಯಾಲ ಅಳೂದಕ್ಕಿಂತ ಮೊದಲ ತಡಿಯೂದು ಛಲೋ ಅಲ್ಲೇನ್ರಿ?"

ಭತ್ತ, ಅಕ್ಕಿ, ಸಜ್ಜೆ ಎಂಬ ಈ ವಿಂಗಡಣೆಗೆ ಅವರು ತಮ್ಮ ಭಾಷೆಯಲ್ಲಿ 'ಜಾತಿ' ಎಂದು ಹೆಸರಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ. "ಇಷ್ಟು ಕಷ್ಟಪಟ್ಟು ಹೊಸಾದು ಮಾಡಾಕತ್ತೀರಿ, ಅದರಾಗೂ ಜಾತಿ ತರ್ತೀರೇನ್ರಿ ಸರ್? ಬಗೆ ಅನ್ರಿ" ಎಂದೆ. ಅವರು ತಲೆ ತಗ್ಗಿಸಿ ತಮ್ಮ ಮಣ್ಣುಬಣ್ಣದ ಬೆರಳು ನೋಡಿಕೊಂಡರು, ಸಿಟ್ಟು ಬಂತೇನೋ ಎಂದುಕೊಂಡೆ. ಮರುದಿನ ಬಸ್ಸು ಹತ್ತಿದವರೇ, "ತಗದೀನ್ರಿ. ಎಲ್ಲೆಲ್ಲಿ ಇತ್ತು ಎಲ್ಲಾ ಕಡಿ ತಗದೀನಿ" ಎಂದು ನನ್ನ ಪಕ್ಕದ ಕಿಟಕಿಗೆ ಕೂತರು.

ಅಲ್ಲಿಂದ ನಾನು ಆ ಭಾಷೆಗೆ ಸಂಬಳವಿಲ್ಲದ ನೌಕರಳಾದೆ. ಬರೆದವರು ತಪ್ಪಿದಾಗ ಕಂಪೈಲರ್ ಏನು ಹೇಳಬೇಕು ಎಂಬುದನ್ನು ಬರೆಯುವ ಕೆಲಸ ನನ್ನದು. ಪೇಟೆಯಲ್ಲಿರುವ ಕಂಪೈಲರುಗಳು ಇಂಗ್ಲಿಷಿನಲ್ಲಿ ಬೈಯುತ್ತವೆ, ನಮ್ಮ ಹುಡುಗರು ಬೈಗುಳ ತಿಳಿಯದೆಯೇ ಹೆದರುತ್ತಾರೆ ಎನ್ನುವುದು ಅವರ ಕೊರಗು. ಅವರು ಬರೆದಿದ್ದ ಮೊದಲ ವಾಕ್ಯ, 'ದೋಷ: ಬಗೆಗಳು ಹೊಂದಾಣಿಕೆಯಾಗುವುದಿಲ್ಲ.' "ಇದು ಕೋರ್ಟ್ ನೋಟಿಸ್ ಬಂದಂಗಾತ್ರಿ" ಎಂದೆ. ಇಬ್ಬರೂ ಕೂತು ಅದನ್ನು 'ಇಲ್ಲಿ ಸಂಖ್ಯೆ ಬೇಕಿತ್ತು, ಬಂದದ್ದು ಮಾತು. ಒಮ್ಮೆ ನೋಡಿ' ಎಂದು ತಿದ್ದಿದೆವು. 'ಒಮ್ಮೆ ನೋಡಿ' ಎನ್ನುವುದನ್ನು ಅವರು ಎರಡು ದಿನ ಬಾಯಲ್ಲಿ ಹೊರಳಿಸಿಕೊಂಡು ತಿರುಗಿದರು.

ಆ ಕಂಪೈಲರಿನ ಕೆಲಸಗಳಲ್ಲಿ ಅವರಿಗೆ ತುಂಬ ಪ್ರೀತಿಯದು ಒಂದಿತ್ತು. ಚಿಕ್ಕಂದಿನಲ್ಲಿ ಮಾನ್ವಿಯ ಅವರ ಓಣಿಯ ಮಠದಲ್ಲಿ ದಾಸೋಹ ಮುಗಿದ ಮೇಲೆ ಪಾತ್ರೆ ಮುಚ್ಚುವ ಮೊದಲು ಒಬ್ಬಾತ ಬಾಗಿಲಿಗೆ ಬಂದು ನಾಲ್ಕೂ ದಿಕ್ಕಿಗೆ ಮುಖಮಾಡಿ ಕೂಗುತ್ತಿದ್ದನಂತೆ: "ಉಣ್ಣಾರು ಯಾರರ ಉಳದೀರೇನ್ರಪಾ?" ಓಣಿಯಲ್ಲಿ ಯಾರೂ ಇಲ್ಲ ಎಂದು ಕಣ್ಣಿಗೆ ಕಂಡರೂ ಕೂಗದೆ ಮುಚ್ಚುವಂತಿಲ್ಲ. ಅವರ ಕಂಪೈಲರೂ ಹಾಗೆಯೇ ಮಾಡಬೇಕಿತ್ತು. ನೀವು 'ಹೀಗಿದ್ದರೆ ಇದು ಮಾಡು, ಹಾಗಿದ್ದರೆ ಅದು ಮಾಡು' ಎಂದು ಬರೆಯುತ್ತೀರಿ. ಹೀಗೂ ಅಲ್ಲದ, ಹಾಗೂ ಅಲ್ಲದ ಒಂದು ಸಂದರ್ಭ ಉಳಿದಿದ್ದರೆ ಅದು ಬಾಗಿಲಿಗೆ ಬಂದು ಕೂಗುತ್ತದೆ, ಇವರೊಬ್ಬರು ಉಳಿದರು ಎಂದು. ಯಾರೂ ಉಳಿದಿಲ್ಲ ಎಂದು ಖಾತ್ರಿಯಾಗುವವರೆಗೆ ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಇದನ್ನು ಹೇಳುವಾಗ ಅವರ ದನಿ ಬೇರೆಯೇ ಆಗುತ್ತಿತ್ತು.

ರಾಯಚೂರಿನಲ್ಲಿ ಅವರು ಸ್ಟೇಷನ್ ಕಡೆಯ ಒಂದು ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎನ್ನುವುದಕ್ಕೆ ಸ್ಟಾಫ್ ರೂಮಿನಲ್ಲಿ ನಾಲ್ಕಾರು ಕತೆಗಳಿದ್ದವು, ನಾನು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಊರಿನ ಬಾಯಿ ಗೊತ್ತಿದ್ದುದರಿಂದ ಅವರ ಮನೆಗೆ ಹೋಗುವಾಗ ಯಜಮಾನರನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದ ನಮ್ಮ ಯಜಮಾನರು ಹೊರಗಿನ ಕಟ್ಟೆಯ ಮೇಲೆ ಪೇಪರ್ ಹರಡಿಕೊಂಡು ಅಲ್ಲೇ ತೂಕಡಿಸುತ್ತಿದ್ದರು. ಒಳಗೆ ಎರಡು ಕುರ್ಚಿ. ಒಂದರಲ್ಲಿ ಅವರು ಕೂರುತ್ತಿದ್ದರು, ಇನ್ನೊಂದರ ಮೇಲೆ ಪುಸ್ತಕ ಪೇರಿಸಿದ್ದರು. ಪ್ರತಿ ಸಲವೂ ಅವನ್ನು ಎತ್ತಿ ಕೆಳಗಿಡುತ್ತಿದ್ದರು, ನಾನು ಮುಂದಿನ ಸಲ ಹೋಗುವಷ್ಟರಲ್ಲಿ ಮತ್ತೆ ಅಲ್ಲೇ ಇರುತ್ತಿದ್ದವು. ಆ ಮನೆಗೆ ಇನ್ನಾರೂ ಬರುತ್ತಿರಲಿಲ್ಲ ಎಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ.

ಒಂದು ದಿನ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಕೇಳಿದರು. "ಮೇಡಂ, ನೀವು ಕನ್ನಡದವರು, ನೀವ ಹೇಳ್ರಿ. ಒಬ್ಬರ ಆಡಿದ್ರ ಅದಕ್ಕ ಭಾಷಾ ಅಂತಾರೇನ್ರಿ?"

"ಒಬ್ಬರ ಆಡಿದ್ರ ಅದಕ್ಕ ಗೊಣಗೂದು ಅಂತಾರ್ರಿ ಸರ್" ಎಂದೆ ನಗುತ್ತ.

ಅವರು ನಗಲಿಲ್ಲ. "ಖರೇ ಅದ" ಎಂದರು. ಅವರಿಗೆ ಬೇಕಿದ್ದದ್ದು ಏನು ಎಂದು ನನಗೆ ಅರ್ಥವಾದದ್ದು ಆಗ. ಹೊಗಳಿಕೆ ಬೇಕಿರಲಿಲ್ಲ, ಪ್ರಶಸ್ತಿ ಬೇಕಿರಲಿಲ್ಲ. ತಾವು ಮಾಡಿದ ಭಾಷೆಯಲ್ಲಿ ಇನ್ನೊಬ್ಬರು ಯಾರಾದರೂ, ಎಷ್ಟೇ ಸಣ್ಣದಾಗಲಿ, ಒಂದು ಪ್ರೋಗ್ರಾಂ ಬರೆಯಬೇಕು. ಅಷ್ಟೇ.

ಅದಕ್ಕಾಗಿ ಅವರು ಪ್ರಯತ್ನಪಡದೆ ಇರಲಿಲ್ಲ. ಅಂತರ್ಜಾಲದಲ್ಲಿ ಹಾಕಿದರು, ಒಂದು ನರಪಿಳ್ಳೆಯೂ ಇಣುಕಲಿಲ್ಲ. ತರಗತಿ ಮುಗಿದ ಮೇಲೆ ಹುಡುಗರಿಗೆ ಕಲಿಸಲು ಕೂತರು. ಕೆಲವರು ಬಂದರು, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ವಿನಯದಿಂದಲೇ ಕೇಳಿದಳು: "ಸರ್, ಇದು ಪರೀಕ್ಷಾಕ್ಕ ಬರತದೇನ್ರಿ?" ಇವರು ಸುಳ್ಳು ಹೇಳುವವರಲ್ಲ. "ಬರಂಗಿಲ್ಲವ್ವಾ" ಎಂದರು. ಮರುದಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಇವರಿದ್ದರು. ನಾನು ಹುಡುಗರ ಮೇಲೆ ರೇಗಿದರೆ ನನ್ನನ್ನೇ ತಡೆದರು. "ಅವರಿಗಿ ಪಾಸಾಗೂದು ಅದರೀ. ನಂದು ಹಬ್ಬದ ಅಡಗಿ, ಅವರಿಗಿ ದಿನದ ರೊಟ್ಟಿ ಬೇಕು."

ಆಮೇಲೆ ಅವರ ಮೂತ್ರಪಿಂಡ ಕೆಟ್ಟಿತು. ರಾಯಚೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಗಿ, ದೇವದುರ್ಗಕ್ಕೆ ಬರುವುದು ನಿಂತಿತು. ಬಸ್ಸಿನಲ್ಲಿ ಅವರ ಸೀಟಿಗೆ ಬೇರೆ ಯಾರ್ಯಾರೋ ಬಂದು ಕೂತರು, ಗಾಜಿನ ಧೂಳು ಹಾಗೇ ಇರುತ್ತಿತ್ತು. ಅಷ್ಟು ಜನರ ನಡುವೆ ನನಗೆ ಆ ದಾರಿ ಬಲು ಉದ್ದವೆನ್ನಿಸಿತು. ಹೊತ್ತು ಹೋಗಲಿ ಎಂದೋ, ಅವರ ಮೇಲಿನ ಮಮತೆಗೋ, ಅವರು ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಿದ್ದ ಆ ಭಾಷೆಯನ್ನು ತೆರೆದೆ. ಕನ್ನಡದ ಮೇಡಂ ಪ್ರೋಗ್ರಾಂ ಬರೆಯುವುದೆಂದರೆ ಎಮ್ಮೆ ಗೆಜ್ಜೆ ಕಟ್ಟಿದ ಹಾಗೆ ಎಂದು ಯಜಮಾನರು ನಕ್ಕರು. ನಗಲಿ ಬಿಡಿ ಎಂದುಕೊಂಡು, ನಾನೇ ಬರೆದ ವಾಕ್ಯಗಳಿಂದ ನಾನೇ ಹೇಳಿಸಿಕೊಳ್ಳುತ್ತ ಹದಿನೈದು ಸಾಲು ಬರೆದೆ.

ನನ್ನ ಪ್ರೋಗ್ರಾಂ ಮಾಡುತ್ತಿದ್ದ ಕೆಲಸ ಇಷ್ಟೇ: ಇವತ್ತು ತರಗತಿಗೆ ಬಂದವರ ಹೆಸರು ಕೊಟ್ಟರೆ, ಪದ್ಯ ಓದಬೇಕಾದವರು ಯಾರೆಂದು ಹೇಳಬೇಕು. ಅತಿ ಉದ್ದ ಹೆಸರಿನವರು ಓದಬೇಕು, ಅದು ನನ್ನ ತರಗತಿಯ ಹಳೆಯ ಪದ್ಧತಿ. ಕಂಪೈಲರ್ ಸುಮ್ಮನೆ ಒಪ್ಪಿತು. ಹೆಸರು ಕೊಟ್ಟೆ, ಸರಿಯಾಗಿ ಹೇಳಿತು. ಆಗ ಹತ್ತಿ ಬಿಡಿಸುವ ಕಾಲ. ನಮ್ಮಲ್ಲಿ ಹತ್ತಿ ಬಿಡಿಸುವ ದಿನಗಳಲ್ಲಿ ಮಕ್ಕಳೆಲ್ಲ ಹೊಲದಲ್ಲಿರುತ್ತಾರೆ, ಖಾಲಿ ಬೆಂಚಿಗೆ ಪಾಠ ಹೇಳಬೇಕು. ಅಂದೂ ನನ್ನ ಕ್ಲಾಸಿಗೆ ಒಬ್ಬರೂ ಬಂದಿರಲಿಲ್ಲ. ಇರಲಿ ನೋಡೋಣ ಎಂದು ಒಂದೂ ಹೆಸರು ಕೊಡದೆ ಕೇಳಿದೆ. ಪ್ರೋಗ್ರಾಂ ಕುಸಿದುಬಿತ್ತು.

ನನ್ನದೇ ಏನೋ ಎಡವಟ್ಟು ಎಂದು ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಕಂಪೈಲರ್ ಮೊದಲ ಏನೂ ಕೂಗಲಿಲ್ಲೇನ್ರಿ? ಯಾರೂ ಬರದಿದ್ರ ಏನ್ ಮಾಡೂದು ಅಂತ ನೀವು ಬರದಿಲ್ಲ, ಅದು ಕೂಗಬೇಕಾಗಿತ್ತು."

"ಇಲ್ರಿ ಸರ್. ತೆಪ್ಪಗ ಒಪ್ಕೊಂತು."

ಅವರು ನಗಲು ಶುರುಮಾಡಿದರು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ಕೇಳಿರಲಿಲ್ಲ. ನಕ್ಕು ಕೆಮ್ಮಿ, ಮತ್ತೆ ನಕ್ಕರು. "ತಪ್ಪು ನಿಮ್ಮದಲ್ಲರೀ, ನಂದು! ನನ್ನ ಕಂಪೈಲರಿಂದು! ನಾಳಿ ಬರ್ರಿ, ಯಜಮಾನ್ರನ್ನೂ ಕರಕೊಂಡು ಬರ್ರಿ."

ಹೋದಾಗ ಅವರು ಹಾಸಿಗೆಯಲ್ಲಿ ದಿಂಬಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿದ್ದುತ್ತಿದ್ದರು. ಕಾಲು ಬಾತುಕೊಂಡಿದ್ದವು, ಮುಖ ಮಾತ್ರ ಹಬ್ಬದ ದಿನದ ಹುಡುಗನದು. "ಬ್ಯಾರೆ ಎಲ್ಲಾ ಸಂದರ್ಭ ಒಂದೊಂದ ಬಿಟ್ಟು ನೋಡೀನಿ ಮೇಡಂ, ಕೂಗತದೋ ಇಲ್ಲೋ ಅಂತ. ಯಾರೂ ಬರದಿದ್ರ ಅನ್ನೂ ಇದೊಂದನ್ನ ಬಿಟ್ಟು ನೋಡಿರಲಿಲ್ಲ. ನಾ ಬರಿಯೂವಾಗ ಯಾರೂ ಇಲ್ಲದ್ದನ್ನ ಮೊದಲ ಬರೀತಿದ್ದೆ, ಆಮ್ಯಾಲ ಉಳದದ್ದು. ಒಬ್ಬನ ಇರಾಂವಗ ಅದ ಮೊದಲ ಹೊಳೀತದ. ನಿಮಗ ಅದು ಹೊಳೀಲೇ ಇಲ್ಲ ನೋಡ್ರಿ." ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನೊಬ್ಬನ ಕೈಯಾಗ ಇದ್ದಿದ್ರ ಈ ತಪ್ಪು ಸಾಯೂತನ ಸಿಗ್ತಿದ್ದಿಲ್ಲ. ಇದು ಎರಡನೇದವರು ಬಂದ್ರ ಮಾತ್ರ ಸಿಗೂವಂಥಾದ್ದು."

ನನಗೆ ಅಳು ಬಂತು. ಅವರು ಗಾಬರಿಯಾಗಿ "ಚಾ ಮಾಡ್ಲೇನ್ರಿ?" ಎಂದು ಎದ್ದೇಬಿಟ್ಟರು. ಹೊರಗಿನಿಂದ ಯಜಮಾನರನ್ನು ಕರೆದು ಚಹಾ ಮಾಡಿಸಿದೆ.

ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ಪ್ರೋಗ್ರಾಮುಗಳು ಓಡಾಡಿದವು. ನಾನು ಒಂದು ಬರೆದು ಕಳಿಸಿದರೆ ಅವರು ಅದಕ್ಕೆ ಉತ್ತರವಾಗಿ ಇನ್ನೊಂದು ಬರೆದು ಕಳಿಸುತ್ತಿದ್ದರು. ಒಮ್ಮೆ ಕಳಿಸಿದ್ದು, ಏನು ಕೇಳಿದರೂ 'ಮೊದಲು ಚಹಾ ಕುಡಿಯಿರಿ' ಎಂದಷ್ಟೇ ಹೇಳುತ್ತಿತ್ತು. ಆಸ್ಪತ್ರೆಯ ಯಂತ್ರಕ್ಕೆ ಒಂದು ಕೈ ಕೊಟ್ಟು ಮಲಗಿ, ಇನ್ನೊಂದು ಕೈಯಲ್ಲಿ ಅದನ್ನು ಬರೆದಿದ್ದರಂತೆ.

ಚಳಿ ಕಳೆದು ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಅವರು ಹೋದರು. ಮಾನ್ವಿಯಲ್ಲಿ, ಗಿರಣಿಯ ಹಿಂದಿನ ಅವರದೇ ಹೊಲದಲ್ಲಿ ಮಣ್ಣು ಮಾಡಿದರು. ಎಲ್ಲ ಮುಗಿದ ಮೇಲೆ ಅವರ ಅಣ್ಣ, ಬಿಳಿ ಧೋತರದ ದೊಡ್ಡ ಆಳು, ನನ್ನ ಹತ್ತಿರ ಬಂದು ನಿಂತರು.

"ಯವ್ವಾ, ನೀವು ಅವನ ಜೋಡಿ ಕೆಲಸ ಮಾಡ್ತಿದ್ರಂತ. ಇಷ್ಟು ವರ್ಷ ಅವ ಆ ಕಂಪ್ಯೂಟರ್‌ದಾಗ ಏನ್ ಮಾಡ್ತಿದ್ದ? ಕೇಳಿದ್ರ ನಗ್ತಿದ್ದ, ಹೇಳ್ತಿದ್ದಿಲ್ಲ."

"ಒಂದು ಭಾಷಾ ಮಾಡಿದ್ರು ರೀ."

"ಭಾಷಾ?" ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ಯಾರ್ ಮಾತಾಡ್ತಾರವ್ವಾ ಅದನ್ನ?"

"ನಾ ಮಾತಾಡ್ತೀನ್ರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಹಂಗಾದ್ರ ಛಲೋ ಆತು" ಎಂದು ಎರಡು ಸಲ ಹೇಳಿ, ನನಗೆ ನೆರಳಿನಲ್ಲಿ ಕುರ್ಚಿ ಹಾಕಲು ಯಾರಿಗೋ ಕೂಗಿದರು.

ಈಗಲೂ ಬರೆಯುತ್ತೇನೆ. ಮನಸ್ಸು ಭಾರವಾದ ದಿನ ಒಂದಿಷ್ಟು ಸಾಲು, ಯಾವ ಉಪಯೋಗಕ್ಕೂ ಬಾರದವು. ತಪ್ಪಿದರೆ ಕಂಪೈಲರ್ ಮೆತ್ತಗೆ ತಿದ್ದುತ್ತದೆ, ಸರಿಯಿದ್ದರೆ ಸುಮ್ಮನಿರುತ್ತದೆ. ಬರೆದದ್ದನ್ನು ಕಳಿಸಲು ಯಾರೂ ಇಲ್ಲ. ನಾನು ಬರೆಯುವವರೆಗೂ ಆ ಭಾಷೆ ಬರುತ್ತಿದ್ದುದು ಒಬ್ಬರಿಗೆ, ಈಗಲೂ ಬರುವುದು ಒಬ್ಬರಿಗೆ. ನಡುವೆ ಒಂದು ಚಳಿಗಾಲ ಮಾತ್ರ ಇಬ್ಬರಿದ್ದೆವು. ರಾಯಚೂರಿನ ಚಳಿಗಾಲ ಎಷ್ಟು ದಿನದ್ದೆಂದು ಇಲ್ಲಿಯವರಿಗೆ ಗೊತ್ತೇ ಇದೆ.