ದಪ್ಪ ಮೀನಿನ ಮೇಷ್ಟ್ರು

ನಮ್ಮ ಮೀನುಗಾರಿಕೆ ಕಾಲೇಜಿನ ಗೈಡು ಮೇಷ್ಟ್ರನ್ನು ನೀವೊಮ್ಮೆ ನೋಡಬೇಕು. ಸಂಶೋಧನೆಯ ಕೊಳದ ದಂಡೆಯಲ್ಲಿ ಶೂ ನೆನೆಯದಂತೆ ನಿಂತು, “ವಿಜ್ಞಾನ ಅಂದ್ರೆ ತಪಸ್ಸು ಕಣಮ್ಮಾ” ಎನ್ನುತ್ತಾರೆ. ಮೇಲಿನ ಸಾಹೇಬರು ಬರುವ ಸುದ್ದಿ ಬಂತೋ, ಆ ತಪಸ್ಸಿಗೇ ಬಲೆ ಬೀಳುತ್ತದೆ. “ಸಣ್ಣದು ಬಿಡ್ರೋ, ದಪ್ಪದ್ದೇ ಹಿಡೀರಿ!” ಅಲ್ಲ ಸ್ವಾಮಿ, ನನ್ನ ರೂಮಿನ ಗೆಳತಿ ತಯಾರಿಸಿದ ಹೊಸ ಮೇವು ತಿಂದು ದಪ್ಪಗಾದ ಮೀನೇ ತಾನೆ ಅವಳ ಪ್ರಬಂಧ? ಅದನ್ನು ಗೆಸ್ಟ್‌ಹೌಸಲ್ಲಿ ಸಾಹೇಬರಿಗೆ ಹುರಿಸಿಕೊಟ್ಟು, ಉಳಿದ ಬಡಕಲು ಮೀನುಗಳನ್ನು ತೂಗಿಸಿ, “ಏನಮ್ಮಾ, ನಿನ್ನ ಮೇವಿಗೆ ಮೀನು ಬೆಳೆದೇ ಇಲ್ವಲ್ಲ? ಮೊದಲಿಂದ ಮಾಡು” ಎನ್ನುವ ಧೈರ್ಯ ನೋಡಿ! “ಬೆಳೆದಿದ್ದು ಗೆಸ್ಟ್‌ಹೌಸಲ್ಲಿದೆ ಸರ್” ಎಂದಿದ್ದಕ್ಕೆ ಅವಳ ಜೊತೆ ಮಾತೇ ಬಿಟ್ಟಿದ್ದರು. ಮೊನ್ನೆ ಮತ್ತೆ ಬಲೆ ಬಿದ್ದಾಗ, ಇವತ್ತು ಬಿಡೋದಿಲ್ಲ ಎಂದು ನಾವಿಬ್ಬರೂ ಗೆಸ್ಟ್‌ಹೌಸಿಗೇ ನುಗ್ಗಿದೆವು. ಸಾಹೇಬರು ಉಣ್ಣುತ್ತಿದ್ದರು. ವರ್ಷಗಳಿಂದ ಬರೀ ‘ಪ್ರಭಾರಿ ಮುಖ್ಯಸ್ಥ’ರಾಗಿಯೇ ಉಳಿದಿರುವ ನಮ್ಮ ಮೇಷ್ಟ್ರು ಪಕ್ಕದಲ್ಲಿ ಬಗ್ಗಿ ನಿಂತು, ಒಂದೊಂದೇ ಮುಳ್ಳು ಬಿಡಿಸಿ ಅವರ ತಟ್ಟೆಗೆ ಮೀನು ಹಾಕುತ್ತಿದ್ದರು. ಮೇಜಿನ ಸುತ್ತ ಕುರ್ಚಿಗಳೆಲ್ಲ ಖಾಲಿ, ಕೂರಿ ಎಂದವರಿಲ್ಲ. ನನ್ನ ಗೆಳತಿಯ ಮುಖ ಇನ್ನಷ್ಟು ಕೆಂಪಾಯಿತು. ಸಾಹೇಬರ ಎದುರಿಗೇ ಒಂದು ಕುರ್ಚಿ ಎಳೆದು ಹಾಕಿ ಮೇಷ್ಟ್ರಿಗೆ ಅಂದಳು: “ಕೂತ್ಕೊಳ್ಳಿ ಸರ್. ನಮ್ಮ ಮೀನು ಬೆಳೆದಿತ್ತೋ ಇಲ್ವೋ, ನೀವೂ ಒಂದು ಸಲ ತಿಂದು ಹೇಳಿ.”