ಅವ್ವನ ಫೋಟೋದ ಕೆಳಗಿದ್ದ ಸಹಿ

ಹಳೆಯ ಫೋಟೋಗಳಿಗೆ ಕುಂಕುಮ ಮೆತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಾಜಿನ ಮೇಲೆ ಹಚ್ಚಿದರೆ ಹಾಳಾಗಿ ಹೋಗಲಿ. ಗಾಜು ಒಡೆದ ಮೇಲೂ ಬಿಡದೆ ಚಿತ್ರದ ಹಣೆಗೇ ಒತ್ತುತ್ತಾರೆ. ಚನ್ನರಾಯಪಟ್ಟಣದಲ್ಲಿ ಒಬ್ಬ ಪುಣ್ಯಾತ್ಮ ತನ್ನ ತಾತನ ಫೋಟೋವನ್ನು ನೇರವಾಗಿ ಗೋಡೆಗೆ ಹಚ್ಚಿ ಮೊಳೆ ಹೊಡೆದಿದ್ದ. ಹೊಡೆದದ್ದು ಸರಿಯಾಗಿ ಸಹಿಯ ಮೇಲೆ.

ಆ ಸಹಿಗಾಗಿಯೇ ನಾನು ಊರೂರು ಅಲೆಯುವುದು. ಹೊಳೆನರಸೀಪುರದಲ್ಲಿ ಹಿಂದೆ ಸ್ಟುಡಿಯೋ ಇಟ್ಟಿದ್ದ ಒಬ್ಬ ಫೋಟೋಗ್ರಾಫರ್, ತಮಗೆ ಮೆಚ್ಚುಗೆಯಾದ ಚಿತ್ರಗಳಿಗೆ ಮಾತ್ರ ಕೆಳಗಿನ ರಟ್ಟಿನ ಮೇಲೆ ಬಿಳಿ ಶಾಯಿಯಲ್ಲಿ ಓರೆಯಾಗಿ ಸಹಿ ಹಾಕುತ್ತಿದ್ದರು. ಹಾಸನದ ನನ್ನ ಮನೆಯಲ್ಲಿ ಅಂಥವು ಒಂದು ಬೀರು ತುಂಬ ಇವೆ. ದೊಡ್ಡದಾಗಿ ಕಲರ್ ಪ್ರತಿ ಮಾಡಿಸಿಕೊಟ್ಟರೆ ಸಾಕು, ಹಳೆಯದನ್ನು ಜನ ಪೀಡೆ ತೊಲಗಿತೆಂಬಂತೆ ಕೊಟ್ಟುಬಿಡುತ್ತಾರೆ.

ಕೊಡದವಳು ನನ್ನ ಅಕ್ಕ ಒಬ್ಬಳೇ. ಅವ್ವನ ಫೋಟೋ, ಸಹಿ ಸಮೇತ, ಅರಕಲಗೂಡಿನ ಅವಳ ನಡುಮನೆಯಲ್ಲಿ ತೂಗುತ್ತಿತ್ತು. ಮೊಬೈಲಿನಲ್ಲಿ ಹಿಡಿದುಕೊಂಡು ಬಂದು, ಕಲರ್ ಪ್ರತಿ ಮಾಡಿಸಿ, ಕಟ್ಟು ಹಾಕಿಸಿ ಹೊತ್ತುಕೊಂಡು ಹೋದೆ. ಅಕ್ಕ ಅದನ್ನು ನೋಡಿ, "ಇದ್ಯಾರ್ಲಾ ಅವ್ವುಂಗೆ ಲಿಪ್‌ಸ್ಟಿಕ್ ಬಳ್ದವ್ರು?" ಎಂದು ಮೂಲೆಗೆ ಒರಗಿಸಿದಳು. ಕಾಫಿ ಮಾಡಲು ಒಳಗೆ ಹೋದಳು.

ನಾನು ಜಗಲಿಗೆ ಬಂದು, ನನ್ನಂತೆಯೇ ಫೋಟೋ ಹುಚ್ಚಿನ ಗೆಳೆಯನಿಗೆ ಫೋನ್ ಮಾಡಿದೆ. ಸಹಿ ಚೊಕ್ಕವಾಗಿದೆ, ರಟ್ಟು ಮಾಸಿಲ್ಲ, ಮೂಲೆ ಮುರಿದಿಲ್ಲ, ಹೇಗಾದರೂ ಮಾಡಿ ತರುತ್ತೇನೆ ಎಂದೆ. ತಿರುಗಿದರೆ ಅಕ್ಕ ಲೋಟ ಹಿಡಿದು ನಿಂತಿದ್ದಾಳೆ.

"ರಟ್ಟು ಎಂಗೈತೆ ಅಂದೆ, ಮೂಲೆ ಎಂಗೈತೆ ಅಂದೆ. ಅವ್ವ ಎಂಗವ್ಳೆ ಅನ್ನಲೇ ಇಲ್ವಲ್ಲಾ ನೀನು?"

ಲೋಟವನ್ನು ಕುಕ್ಕಿ, ಒಳಗೆ ಹೋಗಿ ಫೋಟೋ ಇಳಿಸಿದಳು. ಹಿಂದಿನ ಹಲಗೆ ಕಿತ್ತು ಚಿತ್ರವನ್ನು ಹೊರಗೆಳೆದಳು. ಅಂತೂ ಮನಸ್ಸು ಕರಗಿತು ಎಂದುಕೊಂಡೆ. ಅವಳು ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿ ತಂದಳು.

"ಬ್ಯಾಡ ಕಣಕ್ಕ!" ಎಂದು ಕಿರುಚಿದೆ.

ರಟ್ಟು ದಪ್ಪ, ಕತ್ತರಿ ಮೊಂಡು. ಹಲ್ಲು ಕಚ್ಚಿಕೊಂಡು ಕೊಯ್ದಳು. ಸಹಿಯಿದ್ದ ಪಟ್ಟಿಯನ್ನು ನನ್ನ ಕೈಗೆ ತುರುಕಿದಳು. "ನಿಂಗೆ ಬೇಕಾಗಿದ್ದು ಇದೇ ತಾನೆ? ತಕ್ಕೊಂಡೋಗು. ಅವ್ವ ಇಲ್ಲೇ ಇರ್ತಾಳೆ."

ಆಡಬಾರದ್ದನ್ನೆಲ್ಲ ಆಡಿ ಬಂದೆ. ಎಂಥ ಚಿತ್ರವನ್ನು ಹಾಳು ಮಾಡಿದಳು! ಅವಳ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಮೂರು ಕಾಸಿಗೆ ಬಾಳದ ಆ ಪಟ್ಟಿ ಬೀರುವಿನಲ್ಲಿ ಬಿದ್ದಿದೆ.

ಈ ಸಲದ ಪಿತೃಪಕ್ಷಕ್ಕೆ ಅವಳು ನನ್ನನ್ನು ಕರೆಯಲಿಲ್ಲ. ಮಗ ಇಡಬೇಕಾದ ಎಡೆಯನ್ನು ತಾನೇ ಇಟ್ಟು, ಅದರೆದುರು ಅವ್ವನನ್ನು ಕೂರಿಸಿ, ಅದರ ಚಿತ್ರ ತೆಗೆದು ನನ್ನ ಮೊಬೈಲಿಗೆ ಕಳಿಸಿದಳು. ಹಣೆಯ ಮೇಲೆ ಢಾಳಾಗಿ ಕುಂಕುಮ. ಬೆರಳಿಟ್ಟು ದೊಡ್ಡದು ಮಾಡಿದೆ. ಕೊಯ್ದ ಅಂಚು ಎಷ್ಟು ಹಾಳಾಗಿದೆಯೆಂದು ಕೆಳಗೆಲ್ಲ ಹುಡುಕಿದೆ, ಚೆಂಡುಹೂವಿಟ್ಟು ಮುಚ್ಚಿದ್ದಳು.

ಅವ್ವನ ಮುಖ ನೋಡಿದ್ದು ಅದಾದ ಮೇಲೆ.