ಹತ್ತು ದಿನದ ಬಾಗಿಲು

ಬೀದರಿನ ಪಾರ್ಕಿನಲ್ಲಿ ಹತ್ತು ದಿನದ ಕಲಾಪ್ರದರ್ಶನ, ನೀವೂ ಏನಾದರೂ ಮಾಡಿ ನಿಲ್ಲಿಸಿ ಎಂದು ಸಂಘಟಕರು ಕೇಳಿದಾಗ ನನ್ನ ಬಳಿ ಇದ್ದದ್ದು ಒಂದು ಬಾಗಿಲ ಚೌಕಟ್ಟು ಮಾತ್ರ. ಭಾಲ್ಕಿಯ ನಮ್ಮ ಮನೆಯದು. ಅಕ್ಕನನ್ನು ಒಂದು ಮಾತೂ ಕೇಳದೆ ಆ ಮನೆಯನ್ನು ಕೆಡವಿಸಿದವನು ನಾನೇ. ಅದೇ ಊರಲ್ಲಿ ಗಂಡನ ಮನೆಯಲ್ಲಿರುವ ಅಕ್ಕ ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಳು. ನಾನು ಔರಾದಿನಲ್ಲಿ ಡ್ರಾಯಿಂಗ್ ಮಾಸ್ತರ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುವವನು. ಅವಳನ್ನು ಬಿಟ್ಟರೆ ನನ್ನವರೆಂದು ಇನ್ಯಾರೂ ಇಲ್ಲ. ಈ ಚೌಕಟ್ಟನ್ನು ನೋಡಲಾದರೂ ಬಂದಾಳು ಎಂಬ ಆಸೆಯಿಂದ ಒಪ್ಪಿಕೊಂಡೆ. ಕಲೆಗಿಲೆ ಎಲ್ಲ ಆಮೇಲಿನ ಮಾತು. ಅವಳ ಮೊಬೈಲಿಗೆ ಚೌಕಟ್ಟಿನ ಫೋಟೊ, ಪಾರ್ಕಿನ ವಿಳಾಸ ಕಳಿಸಿದೆ. ನೋಡಿದಳು, ಉತ್ತರ ಬರಲಿಲ್ಲ.

ಹುಲ್ಲಿನ ಮೇಲೆ ಚೌಕಟ್ಟು ನಿಂತಿತು. ಗೋಡೆಯಿಲ್ಲ, ಕದವಿಲ್ಲ, ಹೊಸ್ತಿಲಿತ್ತು. ಸಂಘಟಕರು ಇನ್‌ಸ್ಟಲೇಶನ್ ಆರ್ಟ್ ಎಂಬುದನ್ನು ಕನ್ನಡಕ್ಕೆ ತಂದು ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ 'ಪ್ರತಿಷ್ಠಾಪನಾ ಕಲೆ' ಎಂದು ಬೋರ್ಡು ನೆಟ್ಟರು. ಎಡವಟ್ಟಾದದ್ದು ಅಲ್ಲೇ. ಜನ ಮೊದಲ ಪದವನ್ನಷ್ಟೇ ಓದಿದರು. ಮರುದಿನ ಬೆಳಿಗ್ಗೆ ವಾಕಿಂಗಿಗೆ ಬಂದವರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಹೊಸ್ತಿಲಿಗೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಜನವಾಡದಿಂದ ಬಂದಿದ್ದ ಅಜ್ಜಿಯೊಬ್ಬಳು ನನ್ನನ್ನೇ ಪೂಜಾರಿ ಎಂದುಕೊಂಡು ಕೇಳಿದಳು: "ಬಾಗ್ಲಾ ಅಂತೂ ಬಂದದ. ದೇವ್ರು ಯಾವಾಗ ಬರ್ತದ್ರಿ?"

"ದೇವ್ರು ಬರಂಗಿಲ್ಲ ಆಯಿ, ಇದು ಕಲಾ!" ಎಂದು ರೇಗಿದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

"ಬರ್ಲಿ ತಗೋರಿ, ಅವಸರ ಏನದ," ಎಂದು ಆಕೆ ಅಲ್ಲೇ ಕೂತು ಬುತ್ತಿ ಬಿಚ್ಚಿದಳು. ನನಗೂ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಇನ್ನೊಬ್ಬರ ಕೈಯ ರೊಟ್ಟಿ ತಿಂದು ಎಷ್ಟು ದಿನವಾಗಿತ್ತೋ.

ಒಂಬತ್ತನೆಯ ದಿನ ಅಕ್ಕ ಬಂದೇಬಿಟ್ಟಳು. ರೈಲಿಳಿದು ನೇರ ಪಾರ್ಕಿಗೆ. ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ಕೂತು ಅದರ ಮೇಲೆ ಕೈಯಾಡಿಸಿದಳು.

"ಅವ್ವ ಹೋದ ಮ್ಯಾಲ ಇದಕ್ಕ ಕುಂಕುಮ ಹಚ್ಚಿದ್ದು ನೋಡಿದ್ದಿಲ್ಲ," ಎಂದಳು. ನನ್ನತ್ತ ನೋಡಿ ನಕ್ಕಳು ಕೂಡ. ತಪ್ಪಾಯ್ತು ಅಕ್ಕ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ವಾಲಿದ್ದ ಬೋರ್ಡನ್ನು ನೆಟ್ಟಗೆ ಮಾಡಲು ಹೋದೆ.

"ಇನ್ನ ಇದು ಇಲ್ಲೇ ಇರ್ತದೇನು?"

"ಇಲ್ಲ ಅಕ್ಕ, ನಾಳಿ ಬಿಚ್ಚತೀವಿ. ಇಂಥಾ ಕಲಾ ಟೆಂಪರರಿ. ಉಳೀಬಾರದು ಅನ್ನೋದೇ ಇದರ ಅರ್ಥ," ಎಂದು ತರಗತಿಯಲ್ಲಿ ನಿಂತವನ ಹಾಗೆ ಪಾಠ ಶುರುಮಾಡಿದೆ.

ಅವಳ ಕೈ ಹೊಸ್ತಿಲಿನಿಂದ ಹಿಂದೆ ಸರಿಯಿತು. "ಮತ್ತ ಕೆಡವ್ತಿ ಅನ್ನು. ಈ ಸಲಾನೂ ನನಗ ಕೇಳಲಿಲ್ಲ."

"ಬೇಕಾದ್ರ ನೀನೇ ಒಯ್ಯಿ ಅಕ್ಕ."

"ಬಾಗ್ಲಾ ಒಯ್ದು ಏನ್ ಮಾಡ್ಲಿ? ಮನಿ ಎಲ್ಲದ?"

ನಮ್ಮಲ್ಲಿ ಮೂಲೆಯ ಅಂಗಡಿಗೆ ಹೊರಟರೂ 'ಬರ್ತೇನಿ' ಎಂದೇ ಹೊರಡುವುದು. ಅಕ್ಕ ಸೆರಗು ಹೊದ್ದು ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು.

"ಹೋಗ್ತೇನಿ," ಎಂದಳು.